ಅತ್ತೆಯ ನಿಲ್ಲುವ ಕಂಪನಿ

ಮೊನ್ನೆ ನಮ್ಮ ಕಾಲೇಜಿಗೆ ಕೋಟು ತೊಟ್ಟ ಒಬ್ಬರು ಬಂದು, ಬಡತನ ಕಡಿಮೆ ಮಾಡುವುದರಲ್ಲಿ ಖಾಸಗಿ ವಲಯದ ಪಾತ್ರವೇನು ಎಂದು ಭಾಷಣ ಮಾಡಿದರು. ಪರದೆಯ ಮೇಲೆ ಬಾಣಗಳೋ ಬಾಣಗಳು. ಒಂದು ಬಾಣ ಬಂಡವಾಳದಿಂದ ಉದ್ಯೋಗಕ್ಕೆ, ಇನ್ನೊಂದು ಉದ್ಯೋಗದಿಂದ ಆದಾಯಕ್ಕೆ, ಮತ್ತೊಂದು ಆದಾಯದಿಂದ ಹೊರಟು ಪರದೆ ದಾಟಿ ಗೋಡೆಯ ಮೇಲೆ ಬಿದ್ದಿತ್ತು. ನಾನು ಅರ್ಥಶಾಸ್ತ್ರ ಪಾಠ ಹೇಳುವವಳು. ಮುಂದಿನ ಕುರ್ಚಿಯಲ್ಲಿ ಕೂತು ತಲೆಯಾಡಿಸಲೇಬೇಕಿತ್ತು, ಆಡಿಸಿದೆ. ಆದರೆ ನನ್ನ ಕಣ್ಣ ಮುಂದೆ ಕುಣಿಯುತ್ತಿದ್ದದ್ದು ಬಾಣವಲ್ಲ, ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು ಯಾರನ್ನೋ ಬೈಯುತ್ತಾ ನಿಂತ ನಮ್ಮ ಅತ್ತೆ. ನನ್ನ ಮಟ್ಟಿಗೆ ಖಾಸಗಿ ವಲಯ ಎಂದರೆ ಅವರೇ. ಆ ಕೋಟಿನವರಿಗೆ ಅವರ ಪರಿಚಯವಿಲ್ಲದ್ದು ಅವರ ಪುಣ್ಯ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಅವರಿಗೆ ಕೂರಲು ಬರುವುದಿಲ್ಲ. ಕಾಯಿಲೆಯಲ್ಲ, ಸ್ವಭಾವ. ಊಟ ನಿಂತು, ಹರಟೆ ನಿಂತು, ಜಗಳವಂತೂ ತುದಿಗಾಲಲ್ಲಿ ನಿಂತು. ಒಮ್ಮೆ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ, ಮಷಿನ್ನನ್ನು ನಿಂತೇ ತುಳಿಯಲು ಹೋಗಿ ಸೂಜಿಯ ಮೇಲೆ ಸೂಜಿ ಮುರಿದರು. ಅಂಗಡಿಯವನು ಕೈ ಮುಗಿದು ಮನೆಗೆ ಕಳಿಸಿದ. ನಮ್ಮ ಮಾವ ಇದಕ್ಕೆ ತದ್ವಿರುದ್ಧ. ಗಡಿಯಾರ ರಿಪೇರಿಯವರು. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿ ಕೂತರೆಂದರೆ ಭೂಕಂಪವಾದರೂ ಏಳುವವರಲ್ಲ. ಇಬ್ಬರನ್ನೂ ಸೇರಿಸಿ ಕಲಸಿದ್ದರೆ ಒಬ್ಬ ಸರಿಯಾದ ಮನುಷ್ಯ ಸಿಗುತ್ತಿದ್ದ ಎಂದು ನನ್ನ ಅಪ್ಪ ಹೇಳುತ್ತಿದ್ದರು.

ಅವರದು ಒಂದೇ ಕೋಣೆಯ ಮನೆ. ಬೀದಿಗೆ ತೆರೆದ ಮುಂಭಾಗ ಮಾವನ ಅಂಗಡಿ, ನಡುವೆ ಒಂದು ಬೀರು, ಬೀರುವಿನ ಹಿಂದೆ ಸಂಸಾರ. ಗೋಡೆಯ ತುಂಬ ಗಡಿಯಾರಗಳು, ಒಂದಕ್ಕೊಂದು ಮಾತು ಬಿಟ್ಟವರ ಹಾಗೆ ತಮಗೆ ತೋಚಿದ ಸಮಯ ತೋರಿಸುತ್ತಿದ್ದವು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಗಡಿಯಾರ ರಿಪೇರಿಗೆ ಬರುವವರು ಇಲ್ಲವಾದರು. ಆ ದಿನಗಳಲ್ಲಿ ಆ ಮನೆಯಲ್ಲಿ ನಿಜವಾದ ಬಡತನವಿತ್ತು, ತಮಾಷೆಗೆ ಹೇಳುವ ಬಡತನವಲ್ಲ. ನಾನು ಹೋದಾಗ ಅತ್ತೆ ‘ನನ್ನದು ಈಗಷ್ಟೇ ಊಟ ಆಯ್ತು’ ಎನ್ನುತ್ತಿದ್ದರು. ಒಲೆ ಮುಟ್ಟಿದರೆ ತಣ್ಣಗಿರುತ್ತಿತ್ತು.

ಕಂಪನಿ ಶುರುವಾದದ್ದು ಎದುರಿನ ಅಂಗಡಿಯವನಿಂದ. ಅವನು ಫೋಟೋಗಳಿಗೆ ಕಟ್ಟು ಹಾಕುವವನು. ಒಂದು ದಿನ ತಲೆ ಮೇಲೆ ಕೈ ಹೊತ್ತು ಬಂದ.

“ಅಕ್ಕ, ಕರೆಂಟ್ ಬಿಲ್ ಕಟ್ಟೋಕೆ ಇವತ್ತೇ ಕೊನೇ ದಿನ. ಅಲ್ಲಿ ನೋಡಿದ್ರೆ ಮೈಲುದ್ದ ಕ್ಯೂ. ಅಂಗಡಿ ಬಿಟ್ಟು ಹೋಗೋ ಹಾಗಿಲ್ಲ. ಏನ್ಮಾಡ್ಲಿ?”

“ಕೊಡೋ ಇಲ್ಲಿ. ನಾನು ಹೇಗಿದ್ರೂ ನಿಂತೇ ಇರ್ತೀನಿ. ಇಲ್ಲಿ ನಿಂತ್ರೇನು, ಅಲ್ಲಿ ನಿಂತ್ರೇನು?”

ಬಿಲ್ ಕಟ್ಟಿ ಬಂದ ಅತ್ತೆಗೆ ಅವನು ಖುಷಿಯಿಂದ ಸ್ವಲ್ಪ ಹಣ ಕೊಟ್ಟ. ಬೇಡ ಬೇಡ ಎನ್ನುತ್ತಲೇ ಅತ್ತೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅಂದು ಸಂಜೆ ಅವರ ಒಲೆ ಉರಿಯಿತು. ಮರುದಿನ ಔಷಧಿ ಅಂಗಡಿಯವರು ಕರೆದರು, ಅದರ ಮರುದಿನ ಕ್ಷೌರದಂಗಡಿಯವನು. ತನ್ನ ಕೈಯಿಂದ ಏನೂ ಆಗದು ಎಂದು ಕೊರಗುತ್ತಿದ್ದ ಹೆಂಗಸಿಗೆ, ತನ್ನ ಕಾಲಿಂದ ಆಗುತ್ತದೆ ಎಂದು ಗೊತ್ತಾಗಿ ಹೋಯಿತು. ಬಿಲ್ಲಿನ ಕ್ಯೂ, ರೈಲು ಟಿಕೇಟಿನ ಕ್ಯೂ, ಆಸ್ಪತ್ರೆಯ ಕ್ಯೂ, ಕಚೇರಿಯ ಕ್ಯೂ, ಯಾವುದಾದರೂ ಸರಿ, ಅತ್ತೆ ನಿಂತರು. ಎರಡು ಕಾಲಿಗೆ ಸಾಲದಷ್ಟು ಕೆಲಸ ಬಂದಾಗ ಬೇರೆಯವರ ಕಾಲುಗಳನ್ನು ಸೇರಿಸಿಕೊಂಡರು. ಅದೇ ಕಂಪನಿಯಾಯಿತು.

ಮೊದಲು ಬಂದವರು ಕಂಡಕ್ಟರಣ್ಣ. ಆಯುಷ್ಯವಿಡೀ ಬಸ್ಸಿನಲ್ಲಿ ನಿಂತವರು. ಕಾಲ ಕೆಳಗಿನ ನೆಲ ಅಲುಗಾಡದಿದ್ದರೆ ಅವರಿಗೆ ತಲೆ ಸುತ್ತುತ್ತಿತ್ತು, ಅದಕ್ಕೇ ಕ್ಯೂನಲ್ಲಿ ತಾವೇ ಸ್ವಲ್ಪ ತೂಗಾಡುತ್ತಿದ್ದರು. ಮುಂದಿನವರ ಬೆನ್ನಿಗೆ “ಮುಂದೆ ಹೋಗಿ, ಮುಂದೆ ಖಾಲಿ ಇದೆ” ಎನ್ನುವ ಚಟ ಮಾತ್ರ ಬಿಡಲಿಲ್ಲ. ಎರಡನೆಯವನು ಗುಂಡಣ್ಣ. ನಿಂತಲ್ಲೇ ನಿದ್ದೆ ಹೋಗುವುದರಲ್ಲಿ ಎತ್ತಿದ ಕೈ. ಈ ಕೆಲಸಕ್ಕೆ ಇದು ದೊಡ್ಡ ಗುಣ, ಏಕೆಂದರೆ ಅವನಿಗೆ ಎಷ್ಟು ಹೊತ್ತಾದರೂ ಬೇಜಾರಿಲ್ಲ. ಸಾಲು ಮುಂದೆ ಸರಿದಾಗ ಹಿಂದಿನವರು ಸ್ವಲ್ಪ ತಳ್ಳಿಕೊಟ್ಟರೆ ಸಾಕು.

ಮೂರನೆಯವಳು ಮೌನಕ್ಕ. ಅದು ಬೀದಿಯವರು ಇಟ್ಟ ಹೆಸರು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದಿದ್ದಳು. ಅಣ್ಣ ಕೆಟ್ಟವನಲ್ಲ, ಅತ್ತಿಗೆಯೂ ಕೆಟ್ಟವಳಲ್ಲ, ಮನೆ ಚಿಕ್ಕದು. ಅಡುಗೆಮನೆಯಲ್ಲಿ ನೀರಿನ ಡ್ರಮ್ಮಿನ ಪಕ್ಕ ಅವಳ ಹಾಸಿಗೆ. ಎಲ್ಲರ ಊಟ ಮುಗಿದ ಮೇಲೆ ಬಿಚ್ಚಬೇಕು, ಎಲ್ಲರೂ ಏಳುವ ಮೊದಲೇ ಸುತ್ತಬೇಕು. ಯಾರು ಕೂಗಿದರೂ, ಬಾಯಲ್ಲಿ ತುತ್ತಿದ್ದರೂ, ದಡಬಡಿಸಿ ಏಳುತ್ತಿದ್ದಳು. ಹಾಗೆ ಎದ್ದು ಎದ್ದು ಮಾತು ಕಡಿಮೆಯಾಗಿ ಹೋಗಿತ್ತು. ಕ್ಯೂನಲ್ಲಿ ಮಾತ್ರ ಅವಳನ್ನು ಯಾರೂ ಕೂಗುತ್ತಿರಲಿಲ್ಲ. ಗಂಟೆಗಟ್ಟಲೆ ಅವಳದೇ ಜಾಗ, ಒಂದು ಮೊಳ ಅಗಲದ್ದು.

ಅಂಗಿಯ ಮೇಲೆ ತೊಡಲು ಎಲ್ಲರಿಗೂ ಒಂದೇ ಥರದ ತೋಳಿಲ್ಲದ ಜಾಕೆಟ್ ಹೊಲಿಸಿದರು ಅತ್ತೆ. ಬಟ್ಟೆ ಅಗ್ಗಕ್ಕೆ ಸಿಕ್ಕಿದ್ದು, ಕಿಟಕಿ ಪರದೆಯದ್ದು, ತಟ್ಟೆಯಗಲದ ಹಳದಿ ಹೂವಿನದ್ದು. ದೂರದಿಂದ ನೋಡಿದರೆ ಯಾರದೋ ಮನೆಯ ಕಿಟಕಿಯೇ ಬಿಲ್ ಕಟ್ಟಲು ಬಂದ ಹಾಗೆ ಕಾಣುತ್ತಿತ್ತು. ಕಂಪನಿಗೆ ನಿಯಮಗಳೂ ಇದ್ದವು. ಸಾಲು ಕಂಡರೆ ಮೊದಲು ನಿಲ್ಲು, ಆಮೇಲೆ ಗಿರಾಕಿ ಹುಡುಕೋಣ. ಅಂದರೆ ಜಾಗ ಹಿಡಿದಿಟ್ಟರೆ ಕೊಳ್ಳುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ ಎಂಬುದು ಅತ್ತೆಯ ವ್ಯಾಪಾರ ಬುದ್ಧಿ. ಇನ್ನೊಂದು, ಯಾತಕ್ಕೆ ನಿಂತಿದ್ದೀಯ ಎಂದು ಒಬ್ಬರನ್ನೊಬ್ಬರು ಕೇಳಕೂಡದು. ಒಬ್ಬರದು ರಕ್ತ ಪರೀಕ್ಷೆ, ಒಬ್ಬರದು ಕೋರ್ಟು ಕಾಗದ. ಗಿರಾಕಿಯ ಗುಟ್ಟು ಬೀದಿ ಪಾಲಾಗಬಾರದು.

“ಈ ಎರಡು ನಿಯಮ ಸೇರಿದ್ರೆ ಒಂದಿನ ಎಡವಟ್ಟಾಗುತ್ತೆ ಅತ್ತೆ” ಎಂದು ನಾನು ಹೇಳಬಹುದಿತ್ತು. ಹೊಳೆಯಲಿಲ್ಲ. ನನ್ನ ಪುಸ್ತಕಗಳಲ್ಲೂ ಬರೆದಿರಲಿಲ್ಲ.

ಹೀಗಿರುವಾಗ ಮೌನಕ್ಕನ ಕಣ್ಣು ಒಂದು ಕೋಣೆಯ ಮೇಲೆ ಬಿತ್ತು. ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಕೋಣೆ. ಹೊರಗಿನಿಂದ ಕಬ್ಬಿಣದ ಮೆಟ್ಟಿಲು, ಹಸಿರು ಬಾಗಿಲು, ಒಳಗೊಂದು ಕಿಟಕಿ, ಮೂಲೆಯಲ್ಲಿ ನಲ್ಲಿ. ಕೆಳಗೆ ಮಷಿನ್ ಓಡಿದಾಗ ಇಡೀ ಕೋಣೆ ನಡುಗುತ್ತಿತ್ತು. ಅದಕ್ಕೇ ಬಾಡಿಗೆ ಕಡಿಮೆ. ಆದರೆ ಪ್ರೆಸ್ಸಿನ ಯಜಮಾನ ಹಟಮಾರಿ. ತಿಂಗಳ ಸಂಬಳ ಬರುತ್ತದೆ ಎನ್ನುವ ಕಂಪನಿಯ ಚೀಟಿ ತಂದರೆ ಬೀಗದ ಕೈ, ಇಲ್ಲವಾದರೆ ಇಲ್ಲ. ನಿಂತ ದಿನ ಕೂಲಿ, ನಿಲ್ಲದ ದಿನ ಇಲ್ಲ ಎನ್ನುವ ಅತ್ತೆಯ ಕಂಪನಿಯ ಮಾತು ಅವನ ಕಿವಿಗೆ ಹೋಗಲಿಲ್ಲ.

ಮೌನಕ್ಕ ಏನೂ ಹೇಳಲಿಲ್ಲ. ದಿನಾ ಕೆಲಸ ಮುಗಿಸಿ ಮನೆಗೆ ಹೋಗುವಾಗ ಸುತ್ತು ದಾರಿ ಹಿಡಿದು, ಆ ಬಾಗಿಲನ್ನೊಮ್ಮೆ ತಲೆಯೆತ್ತಿ ನೋಡಿ ಹೋಗುತ್ತಿದ್ದಳು. ಇದು ಅತ್ತೆಯ ಕಣ್ಣಿಗೆ ಬಿತ್ತು. ಅವರ ಕರುಳು ಚುರುಕ್ ಎಂದಿತು. ಆದರೆ ಅವರಿಗೆ ಮೆತ್ತಗೆ ಮಾತಾಡಲು ಬರಬೇಕಲ್ಲ.

“ಏನೇ, ಬಾಯಿಗೇನು ಬೀಗ ಹಾಕ್ಕೊಂಡಿದ್ದೀಯಾ? ನನ್ನ ಹತ್ರ ಹೇಳೋಕೇನು ರೋಗ? ನಿನಗೆ ತಿಂಗಳ ಸಂಬಳ ಆಗೋ ಹಾಗೆ ನಾನು ಮಾಡಿಲ್ಲ ಅಂದ್ರೆ ನೋಡು, ನಾನು ಕೂತ್ಬಿಡ್ತೀನಿ!”

ಬೀರುವಿನಾಚೆ ಮಾವ ಕಣ್ಣಿನ ಮಸೂರ ತೆಗೆದರು. ಅತ್ತೆಯ ಬಾಯಲ್ಲಿ ಇದಕ್ಕಿಂತ ಘೋರ ಶಪಥ ಅವರು ಕೇಳಿರಲಿಲ್ಲ.

ಬಸ್ ನಿಲ್ದಾಣದ ಬಳಿ ರಕ್ತ ಪರೀಕ್ಷೆ ಮಾಡುವ ದೊಡ್ಡ ಕಂಪನಿಯೊಂದು ಹೊಸ ಕಟ್ಟಡ ಕಟ್ಟಿಸುತ್ತಿತ್ತು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರುವ ಮುದುಕರು ಎಷ್ಟು ಹೊತ್ತು ನಿಂತಾರು? ಅವರ ಪರವಾಗಿ ನಿಲ್ಲಲು ನಮ್ಮ ಜನರನ್ನು ತಿಂಗಳ ಸಂಬಳಕ್ಕೆ ಇಟ್ಟುಕೊಳ್ಳಿ ಎಂದು ಅತ್ತೆ ಹೋಗಿ ಕೇಳಿದರು. ಅವರ ಕಚೇರಿಯಲ್ಲಿ ಕುರ್ಚಿ ಕೊಟ್ಟರೂ ಕೂರದೆ, ನಿಂತೇ ಕೇಳಿದರು. ಅದೇ ಒಳ್ಳೆಯದಾಯಿತೋ ಏನೋ, ನಮ್ಮ ಅಧಿಕಾರಿಯೊಬ್ಬರು ಬಂದು ನಿಮ್ಮ ಕೆಲಸ ನೋಡುತ್ತಾರೆ, ಆಮೇಲೆ ಹೇಳುತ್ತೇವೆ ಎಂದರು. ದಿನವೂ ಗೊತ್ತಾಯಿತು, ಮಧ್ಯಾಹ್ನ ಎಂದು ಹೊತ್ತೂ ಗೊತ್ತಾಯಿತು. ದೊಡ್ಡ ದೊಡ್ಡ ಮಾತು ಎರಡಾಡಲು ನನಗೆ ಬುಲಾವ್ ಬಂತು.

ಆ ದಿನ ನಾನು ಹೋದಾಗ ಅತ್ತೆ ಹೊಸಿಲಲ್ಲಿ ಉರಿಯುತ್ತಾ ನಿಂತಿದ್ದರು. ಬೆಳಗ್ಗೆಯೇ ಬನ್ನಿ, ಜಾಕೆಟ್ ಇಸ್ತ್ರಿ ಆಗಬೇಕು, ಎಲ್ಲಿ ನಿಲ್ಲಬೇಕು ಹೇಳಬೇಕು ಎಂದು ಎಲ್ಲರಿಗೂ ಹೇಳಿದ್ದರಂತೆ. ಬಿಸಿಲೇರಿದರೂ ಒಬ್ಬರ ಸುಳಿವೂ ಇಲ್ಲ.

“ಕೈಕೊಟ್ರು ಕಣೇ! ಎಲ್ಲರೂ ಸೇರಿ ಇವತ್ತೇ ಕೈಕೊಟ್ರು!” ಎನ್ನುತ್ತಾ ಅತ್ತೆ ಕೊಡೆ ಬೀಸಿಕೊಂಡು ಹೊರಟರು. ನಾನು ಹಿಂದೆ ಓಡಿದೆ.

ಮಾರುಕಟ್ಟೆಯ ಹಿಂದಿನ ಓಣಿ ತಿರುಗಿದವರು ಹಾಗೇ ನಿಂತೆವು. ಓಣಿಯ ತುಂಬ ಒಂದು ಕ್ಯೂ. ಮುಚ್ಚಿದ ಶಟರ್ ಒಂದರ ಮುಂದಿನಿಂದ ಹೊರಟು, ಸೈಕಲ್ ಅಂಗಡಿ ದಾಟಿ, ಕಸದ ತೊಟ್ಟಿಗೊಂದು ಸುತ್ತು ಹಾಕಿ, ಮೂಲೆ ತಿರುಗಿ ಮುಖ್ಯ ರಸ್ತೆಗೆ ಹೋಗಿತ್ತು. ತಲೆಯಲ್ಲಿ, ಶಟರಿಗೆ ಮೂಗು ತಾಗುವಷ್ಟು ಹತ್ತಿರ, ಮೂರು ಹಳದಿ ಹೂವಿನ ಜಾಕೆಟ್ಟುಗಳು. ಕಂಡಕ್ಟರಣ್ಣ, ಮೌನಕ್ಕ, ಗುಂಡಣ್ಣ.

ಅತ್ತೆಯ ಕೋಪ ಜರ್ರನೆ ಇಳಿದು ಹೋಯಿತು. “ಮೊದಲನೇ ಮೂರೂ ನಮ್ಮೋರೇ ಕಣೇ!” ಎಂದವರ ಕಣ್ಣಲ್ಲಿ ನೀರಾಡಿತು. ಮಕ್ಕಳು ಶಾಲೆಗೇ ಮೊದಲು ಬಂದರೂ ತಾಯಂದಿರು ಇಷ್ಟು ಹಿಗ್ಗುವುದಿಲ್ಲ.

ನಡೆದದ್ದು ಇಷ್ಟು, ನಮಗೆ ಆಮೇಲೆ ತಿಳಿದದ್ದು. ಅತ್ತೆಯ ಮನೆಗೆ ಹೊರಟ ಕಂಡಕ್ಟರಣ್ಣನ ಚಪ್ಪಲಿಯ ಉಂಗುಷ್ಟ ಆ ಶಟರಿನ ಮುಂದೆ ಕಿತ್ತು ಹೋಗಿತ್ತು. ಶಟರಿಗೆ ಕೈಯೂರಿ, ಪಿನ್ನು ಹಾಕಿ ಸರಿಮಾಡುತ್ತಾ ನಿಂತರು. ಅದೇ ದಾರಿಯಲ್ಲಿ ಬಂದ ಮೌನಕ್ಕ, ಕಂಡಕ್ಟರಣ್ಣ ನಿಂತಿದ್ದಾರೆ ಎಂದ ಮೇಲೆ ಕ್ಯೂ ಶುರುವಾಗಿದೆ ಎಂದುಕೊಂಡು ಹಿಂದೆ ನಿಂತಳು. ಚಪ್ಪಲಿ ಮೆಟ್ಟಿಕೊಂಡು ತಿರುಗಿದ ಕಂಡಕ್ಟರಣ್ಣ, ಮೌನಕ್ಕ ನಿಂತಿದ್ದಾಳೆ ಎಂದರೆ ಏನೋ ಇದ್ದೇ ಇರಬೇಕು ಎಂದುಕೊಂಡರು. ಕೇಳುವ ಹಾಗಿಲ್ಲ, ನಿಯಮ. ಜೊತೆಗೆ ಅವರು ಹುಟ್ಟಿದಂದಿನಿಂದ ಯಾವ ಕ್ಯೂನಲ್ಲೂ ಮೊದಲನೆಯವರಾಗಿ ನಿಂತವರಲ್ಲ. ಇಂಥ ಅದೃಷ್ಟ ಬಿಟ್ಟು ಹೋಗಲು ಮನಸ್ಸು ಯಾರಿಗೆ ಬಂದೀತು? ಇಬ್ಬರನ್ನು ಕಂಡು ಗುಂಡಣ್ಣ ನಿಂತ, ನಿಂತು ನಿದ್ದೆ ಹೋದ. ಮೂವರನ್ನು ಕಂಡು ಊರು ನಿಂತಿತು.

ನಾನು ಮುಂದೆ ಹೋಗಿ ಕೇಳಿದೆ, “ಕಂಡಕ್ಟರಣ್ಣ, ಯಾತಕ್ಕೆ ನಿಂತಿದ್ದೀರಿ?”

ಅವರು ಗಂಭೀರವಾಗಿ ಗಲ್ಲದಿಂದ ಹಿಂದಕ್ಕೆ ತೋರಿಸಿದರು. ಮೌನಕ್ಕನನ್ನು ನೋಡಿದೆ. ಅವಳು ಗಲ್ಲದಿಂದ ಮುಂದಕ್ಕೆ ತೋರಿಸಿದಳು. ಗುಂಡಣ್ಣನ ಗಲ್ಲ ಎದೆಯ ಮೇಲಿತ್ತು.

“ಅತ್ತೆ, ಇವರಿಗೇ ಗೊತ್ತಿಲ್ಲ!”

“ಗೊತ್ತಿದ್ರೂ ಹೇಳಲ್ಲ ಕಣೇ, ನಾನೇ ಹಾಗೆ ಕಲಿಸಿರೋದು. ನೀನು ಸುಮ್ನಿರು” ಎಂದು ಅತ್ತೆ ಗಿರಾಕಿ ಹುಡುಕಲು ಓಡಿದರು. ಫೋಟೋ ಕಟ್ಟಿನವನನ್ನು ಅಂಗಡಿಯಿಂದ ಎಳೆದು ತಂದರು.

“ಮೂರನೇ ಜಾಗ ಇದೆ. ಬೇಕಾ?”

“ಯಾತಕ್ಕಕ್ಕ?”

“ಬೇಕೋ ಬೇಡ್ವೋ? ಹಿಂದೆ ಎಷ್ಟು ಜನ ಇದ್ದಾರೆ ನೋಡು.”

ಅವನು ಹಿಂದೆ ನೋಡಿದ. ತಕ್ಷಣ ಜೇಬಿಗೆ ಕೈಹಾಕಿ ಗುಂಡಣ್ಣನ ಜಾಗ ಕೊಂಡುಕೊಂಡ. ಗುಂಡಣ್ಣನನ್ನು ನಿದ್ದೆಗೆಡಿಸದಂತೆ ಎತ್ತಿ ಪಕ್ಕಕ್ಕಿಟ್ಟರು.

ನಾನು ಸಾಲಿನ ಬಾಲದವರೆಗೂ ನಡೆದೆ. ಪ್ರೆಷರ್ ಕುಕ್ಕರ್ ಪುಕ್ಕಟೆ ಕೊಡುತ್ತಾರೆ ಎಂದರು ಕೆಲವರು. ಸೈಟು ಹಂಚುತ್ತಾರೆ ಎಂದರು ಮತ್ತೆ ಕೆಲವರು. ವಕ್ರ ಹಲ್ಲನ್ನು ನೋವಿಲ್ಲದೆ ನೆಟ್ಟಗೆ ಮಾಡುವ ಡಾಕ್ಟರು ಬರುತ್ತಾರೆ ಎಂದು ಒಬ್ಬ ಬಾಯಿ ಬಿಟ್ಟು ತೋರಿಸಿದ, ಅವನಿಗೆ ಅದು ಬೇಕೂ ಆಗಿತ್ತು. ಎಲ್ಲರಿಗಿಂತ ಕೊನೆಯಲ್ಲಿ, ಕೈಯಲ್ಲಿ ಫೈಲು ಹಿಡಿದ ಒಬ್ಬ ಹೆಂಗಸು ನೆರಳಿಗೆ ಸರಿದು ನಿಂತಿದ್ದರು.

“ನೀವು ಯಾತಕ್ಕೆ ನಿಂತಿದ್ದೀರಿ ಮೇಡಂ?”

“ಗೊತ್ತಿಲ್ಲ ರೀ. ಇಷ್ಟು ಜನ ಸುಮ್ಸುಮ್ನೆ ನಿಲ್ತಾರಾ?” ಎಂದವರು ಕೈಗಡಿಯಾರ ನೋಡಿಕೊಂಡರು. “ಅಂದ ಹಾಗೆ ಇಲ್ಲಿ ಗಡಿಯಾರ ರಿಪೇರಿ ಅಂಗಡಿ ಎಲ್ಲಿದೆ? ಅಲ್ಲೊಂದು ನಿಲ್ಲೋ ಕಂಪನಿ ಇದೆಯಂತೆ. ಅದನ್ನ ನೋಡೋಕೇ ನಮ್ಮ ಲ್ಯಾಬ್‌ನವರು ಕಳಿಸಿದ್ದು. ಬೇಗ ಬಂದ್ಬಿಟ್ಟೆ. ಇದೊಂದು ಮುಗಿಸ್ಕೊಂಡು ಹೋಗ್ತೀನಿ.”

ಹಲ್ಲು ಕಿರಿದು, ಬಂದೆ ಇರಿ ಎಂದು, ಅಲ್ಲಿಂದ ಒಂದೇ ಉಸಿರಿಗೆ ಅತ್ತೆಯ ಬಳಿ ಓಡಿ ಬಂದೆ.

“ಅತ್ತೆ, ಅಧಿಕಾರಿ ಬಂದಿದ್ದಾರೆ. ಈ ಕ್ಯೂನಲ್ಲೇ ನಿಂತಿದ್ದಾರೆ. ಇದು ಯಾತರ ಕ್ಯೂನೂ ಅಲ್ಲ! ನಮ್ಮೋರೇ ಸುಮ್ನೆ ನಿಂತು ಶುರು ಮಾಡಿದ್ದು!”

ಅತ್ತೆ ಕಂಡಕ್ಟರಣ್ಣನತ್ತ ನೋಡಿದರು. ಅವರು ನಾಲಿಗೆ ಕಚ್ಚಿಕೊಂಡು ತಮ್ಮ ಚಪ್ಪಲಿ ನೋಡಿದರು. ಅತ್ತೆಯ ಮುಖದಿಂದ ಬಣ್ಣವೇ ಇಳಿದು ಹೋಯಿತು. ಅವರು ಮೌನಕ್ಕನ ಕಡೆ ತಿರುಗಿದರು. ಮೌನಕ್ಕನಿಗೆ ಎಲ್ಲ ಅರ್ಥವಾಗಿತ್ತು. ಚೀಟಿ ಹೋಯಿತು, ಕೋಣೆ ಹೋಯಿತು ಎಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ನನಗೆ ಆ ಕ್ಷಣದಲ್ಲಿ ಅತ್ತೆಯ ನಿಯಮಗಳ ಮೇಲೂ, ಕಂಡಕ್ಟರಣ್ಣನ ಚಪ್ಪಲಿಯ ಮೇಲೂ, ಇಡೀ ಖಾಸಗಿ ವಲಯದ ಮೇಲೂ ಕೆಟ್ಟ ಕೋಪ ಬಂತು.

ಆಗಲೇ ಓಣಿಗೆ ಒಂದು ಸ್ಕೂಟರ್ ಬಂತು. ಮೇಲೆ ಕೂತಿದ್ದವರು ಆ ಶಟರಿನ ಒಡೆಯರು. ಅವರದು ಬಕೆಟ್ಟಿನ ಹಿಡಿಕೆ ಮಾರುವ ವ್ಯಾಪಾರ. ಬಕೆಟ್ ಅಲ್ಲ, ಬರೀ ಹಿಡಿಕೆ. ಬಕೆಟ್ ಮಾಡುತ್ತಿದ್ದ ಪಾಲುದಾರ ಮುನಿಸಿಕೊಂಡು ಬಿಟ್ಟು ಹೋದ ಮೇಲೆ ಇವರ ಪಾಲಿಗೆ ಗೋದಾಮಿನ ತುಂಬ ಹಿಡಿಕೆ ಉಳಿದಿತ್ತು. ಬಕೆಟ್ ಹಿಡಿಯುವವರು ನಮ್ಮಲ್ಲಿ ಬೇಕಾದಷ್ಟಿದ್ದರೂ ಹಿಡಿಕೆ ಕೊಳ್ಳುವವರು ಇರಲಿಲ್ಲ. ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅಂದು ತಮ್ಮ ಮರೆತ ಕನ್ನಡಕ ತೆಗೆದುಕೊಂಡು ಹೋಗಲು ಬಂದಿದ್ದರಂತೆ. ಅಂಗಡಿಯ ಮುಂದೆ ಇಷ್ಟು ಜನ! ಹಿಂದೆಂದೋ ಮಾರಿದ ಹಿಡಿಕೆಗಳೆಲ್ಲ ಕಿತ್ತು ಹೋಗಿ ಜನ ಒಟ್ಟಾಗಿ ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ಅವರು ಸ್ಕೂಟರನ್ನು ಗರ್ರನೆ ತಿರುಗಿಸಿದರು.

“ಓನರ್ ಬಂದ್ರು! ಹಿಡೀರಿ! ಓಡಿಹೋಗ್ತಾ ಇದ್ದಾರೆ!” ಎಂದು ವಕ್ರ ಹಲ್ಲಿನವನು ಕೂಗಿದ.

ಅಷ್ಟೇ ಸಾಕಾಯಿತು. ಅಷ್ಟು ಹೊತ್ತು ನೆಟ್ಟಗಿದ್ದ ಸಾಲು ಒಡೆದು ಎಲ್ಲರೂ ಶಟರಿನ ಕಡೆ ನುಗ್ಗಿದರು. ಸ್ಕೂಟರ್ ಬಿತ್ತು, ಅದರ ಮೇಲೆ ಒಡೆಯರು ಬಿದ್ದರು. “ಮುಂದೆ ಖಾಲಿ ಇಲ್ಲ! ಮುಂದೆ ಖಾಲಿ ಇಲ್ಲ!” ಎಂದು ಕಂಡಕ್ಟರಣ್ಣ ಬದುಕಿನಲ್ಲಿ ಮೊದಲ ಬಾರಿಗೆ ಕಿರುಚಿದರು. ಗುಂಡಣ್ಣ ನಿದ್ದೆಯಲ್ಲೇ ಬುಗುರಿಯ ಹಾಗೆ ಸುತ್ತಿದ. ಕೋಲೂರಿಕೊಂಡಿದ್ದ ಒಬ್ಬ ಅಜ್ಜಿಯ ಕೋಲು ಕೈತಪ್ಪಿ, ಅವರು ವಾಲುವುದು ಕಂಡಿತು.

“ನಿಂತ್ಕೊಳ್ಳಿ!”

ಯಾರ ದನಿ ಎಂದು ಮೊದಲು ನನಗೆ ಗೊತ್ತಾಗಲಿಲ್ಲ. ಎಲ್ಲರೂ ಇದ್ದಲ್ಲೇ ನಿಂತರು. ಎತ್ತಿದ ಕಾಲು ಎತ್ತಿದಂತೆಯೇ ಉಳಿಯಿತು. ಮುಖ್ಯ ರಸ್ತೆಯಲ್ಲಿ ಒಂದು ಬಸ್ಸೂ ನಿಂತಿತು, ಡ್ರೈವರ್ ತಲೆ ಹೊರಹಾಕಿ ನೋಡಿದ. ಗಡಿಯಾರದ ಅಂಗಡಿಯಲ್ಲಿ ಕೂತಿದ್ದ ಮಾವ ಎದ್ದು ನಿಂತರೆಂದು ಅಕ್ಕಪಕ್ಕದವರು ಇಂದಿಗೂ ಸಾಕ್ಷಿ ಹೇಳುತ್ತಾರೆ.

ಕೂಗಿದ್ದು ಮೌನಕ್ಕ. ಅಷ್ಟು ವರ್ಷ ಕೂಡಿಟ್ಟ ದನಿಯೆಲ್ಲ ಒಂದೇ ಸಲ ಹೊರಬಂದಿತ್ತು. ಕೂಗಿದ ಮೇಲೆ ಅವಳೇ ಬೆಚ್ಚಿದಳು. ಆದರೆ ನಿಲ್ಲಿಸಲಿಲ್ಲ. ಅಜ್ಜಿಯ ಕೋಲು ಎತ್ತಿಕೊಟ್ಟು, “ಇವರಿಗೆ ಮಂಡಿ ನೋವು, ಇವರು ಮೊದಲು” ಎಂದಳು. “ನೀವು ಈ ಅಕ್ಕನ ಹಿಂದೆ ಇದ್ರಿ, ಅಲ್ಲಿಗೇ ಹೋಗಿ. ನಿಮ್ಮ ಮಗು ಶಾಲೆಯಿಂದ ಬರೋ ಹೊತ್ತಲ್ವಾ, ನೀವು ಮುಂದೆ ಬನ್ನಿ. ಅಣ್ಣ, ನೀವು ಹಿಂದಕ್ಕೆ. ಹಲ್ಲು ಎಲ್ಲೂ ಹೋಗಲ್ಲ.” ಅಷ್ಟು ಹೊತ್ತು ಬಾಯಿ ಮುಚ್ಚಿ ನಿಂತವಳ ಕಿವಿಗೆ ಇಡೀ ಸಾಲಿನ ಕಷ್ಟಸುಖ ಬಿದ್ದಿತ್ತು. ಒಬ್ಬೊಬ್ಬರನ್ನೇ ಮುಟ್ಟಿ, ಮೆತ್ತಗೆ ಹೇಳಿ ನಿಲ್ಲಿಸುತ್ತಾ ಹೋದಳು. ನೋಡನೋಡುತ್ತಿದ್ದಂತೆ ಸಾಲು ಮೊದಲಿಗಿಂತ ನೆಟ್ಟಗಾಯಿತು. ಬೈದವರಿಲ್ಲ. ಕೆಲವರು ಥ್ಯಾಂಕ್ಸ್ ಅಂದರು.

ಒಡೆಯರು ನಡುಗುತ್ತಾ ಶಟರ್ ಎತ್ತಿದರು. ಒಳಗೆ ಸೂರಿನವರೆಗೆ ಹಿಡಿಕೆ. ಎಲ್ಲರೂ ಸ್ವಲ್ಪ ಹೊತ್ತು ಅದನ್ನು ನೋಡಿದರು. ನಾನು ಈಗ ಹೊಡೆತ ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ಆದರೆ ಅಷ್ಟು ಹೊತ್ತು ನಿಂತವರು ಬರಿಗೈಯಲ್ಲಿ ಹೇಗೆ ಹೋಗುತ್ತಾರೆ? ಅಜ್ಜಿ ಒಂದು ತೆಗೆದುಕೊಂಡರು. ಹಿಂದಿನವನು, ಅಜ್ಜಿಯೇ ತೆಗೆದುಕೊಂಡರಲ್ಲ ಎಂದು ಎರಡು ತೆಗೆದುಕೊಂಡ. ಫೋಟೋ ಕಟ್ಟಿನವನು ಜಾಗಕ್ಕೆ ಕೊಟ್ಟದ್ದನ್ನು ಗಿಟ್ಟಿಸಲು ಒಂದು ಕಟ್ಟನ್ನೇ ಕೊಂಡ. ಸ್ವಲ್ಪ ಹೊತ್ತಿಗೆ ‘ಒಬ್ಬರಿಗೆ ಎರಡೇ ಕೊಡಿ, ನಮಗೂ ಉಳೀಲಿ’ ಎಂಬ ಕೂಗು ಹಿಂದಿನಿಂದ ಕೇಳಿಬಂತು. ಒಡೆಯರು ಒಮ್ಮೆ ಅಳುತ್ತಿದ್ದರು, ಒಮ್ಮೆ ಚಿಲ್ಲರೆ ಕೊಡುತ್ತಿದ್ದರು.

ಕೊನೆಗೆ ಅಧಿಕಾರಿಯೂ ಎರಡು ಹಿಡಿಕೆ ಹಿಡಿದು ಅತ್ತೆಯ ಮುಂದೆ ಬಂದು ನಿಂತರು. ಅತ್ತೆ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು, ನಾನು ಎಂದೂ ಕೇಳಿರದ ತಗ್ಗಿದ ದನಿಯಲ್ಲಿ ಹೇಳಿದರು.

“ತಪ್ಪಾಯ್ತು ಮೇಡಂ. ನಮ್ಮೋರದ್ದೇ ಎಡವಟ್ಟು.”

“ಎಡವಟ್ಟಲ್ಲಿ ನಾನೂ ನಿಂತಿದ್ದೆ ಬಿಡಿ” ಎಂದು ಅವರು ನಕ್ಕರು. “ಆದ್ರೆ ನೋಡಿ, ನಿಜ ಹೇಳ್ಬಿಡ್ತೀನಿ. ನಿಲ್ಲೋ ಜನ ನಮಗೆ ಬೇಕಾಗಲ್ಲ. ನಮ್ಮಲ್ಲಿ ಟೋಕನ್ ಮಷಿನ್ ಬರುತ್ತೆ, ಎಲ್ಲರೂ ಕೂತೇ ಕಾಯ್ತಾರೆ.”

ಎಲ್ಲರೂ ಕೂತು ಕಾಯುತ್ತಾರೆ ಎಂಬ ಮಾತು ಕೇಳಿ ಅತ್ತೆ ಒಂದು ಹೆಜ್ಜೆ ಹಿಂದೆ ಸರಿದರು.

“ಆದ್ರೆ ಖಾಲಿ ಹೊಟ್ಟೇಲಿ ಬಂದ ಜನ ಟೋಕನ್ ಇದ್ರೂ ಜಗಳ ಆಡ್ತಾರೆ. ಅವರನ್ನ ನೋಡ್ಕೊಳ್ಳೋರು ಬೇಕು. ಈಗ ಕೂಗಿದ್ರಲ್ಲ, ಅವರನ್ನ ನಮಗೆ ಕೊಡಿ. ತಿಂಗಳ ಸಂಬಳ.”

ಒಬ್ಬಳನ್ನು ಮಾತ್ರ. ಕಂಡಕ್ಟರಣ್ಣ ತೂಗಾಡುವುದನ್ನು ನಿಲ್ಲಿಸಿದರು. ಮೌನಕ್ಕ ಅತ್ತೆಯ ಮುಖ ನೋಡಿದಳು, ಅವರು ಬೇಡ ಎಂದರೆ ಬೇಡ ಎಂದು ಅವಳು ಆಗಲೇ ಮನಸ್ಸಿನಲ್ಲಿ ತೀರ್ಮಾನಿಸಿಯಾಗಿತ್ತು. ಅತ್ತೆಯ ಮುಖ ಕೆಂಪಾಯಿತು.

“ಏನು ಮೇಡಂ, ಕಂಪನಿ ಕಟ್ಟಿದವಳು ನಾನು, ಜನ ಎತ್ಕೊಂಡು ಹೋಗೋರು ನೀವಾ? ಇದೇನು ಮರ್ಯಾದೆ? ಎಷ್ಟು ಕೊಡ್ತೀರಾ?”

ಅಧಿಕಾರಿ ಒಂದು ಮೊತ್ತ ಹೇಳಿದರು.

“ಅಷ್ಟಕ್ಕೆ ಈ ಗುಂಡಣ್ಣನನ್ನ ಎತ್ಕೊಂಡು ಹೋಗಿ! ಬಸ್ಸು ನಿಲ್ಲಿಸಿದ ಗಂಟಲು ರೀ ಅದು. ಜಾಸ್ತಿ ಮಾಡಿ.”

ಅಲ್ಲಿಂದ ಮುಂದೆ ನಡೆದ ಚೌಕಾಸಿಯನ್ನು ಬೀದಿಯವರೆಲ್ಲ ಹಿಡಿಕೆ ಹಿಡಿದುಕೊಂಡು ನಿಂತು ನೋಡಿದರು. ತನ್ನ ಕಂಪನಿಯ ಅತಿ ಒಳ್ಳೆಯ ಕೆಲಸಗಾರ್ತಿಯನ್ನು ಕಳೆದುಕೊಳ್ಳಲು ಒಬ್ಬ ಯಜಮಾನಿ ಇಷ್ಟು ಗುದ್ದಾಡಿದ್ದನ್ನು ಯಾವ ಅರ್ಥಶಾಸ್ತ್ರಜ್ಞರೂ ಬರೆದಿಲ್ಲ. ವಾರಕ್ಕೊಂದು ರಜೆ ಬೇಕು ಎಂದರು. ಕುರ್ಚಿ ಕೊಡಲೇಬೇಕು, ಪಾಪ ಅವಳು ಕೂರುವವಳು ಎಂದರು. ಎಲ್ಲ ಒಪ್ಪಿಯಾದ ಮೇಲೆ ಕೊನೆಯದಾಗಿ, “ಸಂಬಳದ ಚೀಟಿ ಮೊದಲನೇ ದಿನವೇ ಬರೆದು ಕೊಡ್ಬೇಕು, ತಿಂಗಳು ಕಾಯೋಕಾಗಲ್ಲ” ಎಂದರು. ಅಧಿಕಾರಿ ಸುಸ್ತಾಗಿ ಅದಕ್ಕೂ ಹೂಂ ಅಂದರು. ಮೌನಕ್ಕ ಅಲ್ಲೇ, ಎಲ್ಲರ ಮುಂದೆ, ಜೋರಾಗಿ ಅತ್ತಳು. ಬಸ್ಸು ಮತ್ತೆ ನಿಂತಿತು.

ಕೋಟಿನವರ ಬಾಣಗಳಂತೆ ಎಲ್ಲರೂ ಮೇಲಕ್ಕೆ ಹೋದರು ಎಂದು ನಾನು ಹೇಳಲಾರೆ. ಕಂಡಕ್ಟರಣ್ಣನಿಗೆ ತಿಂಗಳ ಸಂಬಳ ಸಿಗಲಿಲ್ಲ, ನಿಂತ ದಿನಕ್ಕೇ ಕೂಲಿ. ಗುಂಡಣ್ಣನಿಗೆ ಇದೆಲ್ಲ ನಡೆದದ್ದೇ ಗೊತ್ತಿಲ್ಲ. ಒಂದೊಂದಾಗಿ ಎಲ್ಲ ಕಚೇರಿಗಳೂ ಟೋಕನ್ ಮಷಿನ್ ತಂದಾಗ ಅತ್ತೆ ಕಂಪನಿಯ ಭವಿಷ್ಯದ ಬಗ್ಗೆ ಚಿಂತೆಗೆ ಬಿದ್ದರು. ನಿಂತೇ ಚಿಂತಿಸಿದರು. ಆದರೆ ಒಬ್ಬಳಿಗೆ ಸಿಕ್ಕಿತಲ್ಲ ಎಂದರೆ ಅವರ ಮುಖ ಅರಳುತ್ತದೆ.

ಮೌನಕ್ಕ ಕೋಣೆಗೆ ಹೋದ ಮೇಲೆ ಒಂದು ರಜೆಯ ದಿನ ಅತ್ತೆಯ ಜೊತೆ ನಾನೂ ನೋಡಿ ಬರಲು ಹೋದೆ. ಕಬ್ಬಿಣದ ಮೆಟ್ಟಿಲು ಹತ್ತಿ ಅತ್ತೆ ಬಾಗಿಲು ತಟ್ಟಿದರು.

“ಯಾರು?” ಒಳಗಿನಿಂದ ದನಿ ಬಂತು.

“ನಾನು ಕಣೇ.”

“ಸ್ವಲ್ಪ ನಿಂತಿರಿ ಅಕ್ಕ. ಬರ್ತೀನಿ.”

ದಡಬಡ ಸದ್ದು ಕೇಳಿಸಲಿಲ್ಲ. ಒಳಗೆ ನಿಧಾನವಾಗಿ ಬಳೆ ಸದ್ದಾಯಿತು, ಬಾಚಣಿಗೆ ಕೆಳಗಿಟ್ಟ ಸದ್ದಾಯಿತು, ಯಾವುದೋ ಹಾಡನ್ನು ಗುನುಗುವುದು ಕೇಳಿತು. ಕಾದು ಕಾದು ನನಗೆ ತಾಳ್ಮೆ ತಪ್ಪಿತು. ಮತ್ತೊಮ್ಮೆ ತಟ್ಟಲು ಕೈಯೆತ್ತಿದೆ. ಅತ್ತೆ ಫಕ್ಕನೆ ನನ್ನ ಕೈ ಹಿಡಿದುಕೊಂಡರು. ಅವರ ಕೆನ್ನೆ ಒದ್ದೆಯಾಗಿತ್ತು.

“ಬಿಡೇ. ಅವಳ ಬಾಗಿಲು, ಅವಳಿಗೆ ಬೇಕಾದಾಗ ತೆಗೀತಾಳೆ.”

ನಾವಿಬ್ಬರೂ ಮೆಟ್ಟಿಲ ಮೇಲೆ ನಿಂತೆವು.